‘ಅಫಿನಿಟಿ’ ಇದೆಯೇ ಎಂದು ಕೇಳಿದ ನಮೂನೆ: ಒಂದು ಭಾಷಾಂತರದ ಪ್ರಕರಣ ಅಧ್ಯಯನ

ಕೊಲ್ಲಿ ದೇಶವೊಂದರ ಮಧ್ಯಮ ಗಾತ್ರದ ಕಂಪನಿ. ಅಲ್ಲಿ ಟೆಂಡರ್ ಪರಿಶೀಲನಾ ಸಮಿತಿಯಲ್ಲಿ ಕೂರುವ ಪ್ರತಿಯೊಬ್ಬರೂ ಮೊದಲು ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಪುಟದ ಎಡಗಡೆ ಇಂಗ್ಲಿಷ್, ಬಲಗಡೆ ಅರಬ್ಬಿ. ಕೊನೆಯಲ್ಲಿ ಅಲ್ಲಿನ ಕಾಗದಪತ್ರಗಳಲ್ಲಿ ಸಾಮಾನ್ಯವಾಗಿ ಇರುವ ಸಾಲು: ಎರಡು ಪಠ್ಯಗಳ ನಡುವೆ ವ್ಯತ್ಯಾಸ ಕಂಡರೆ ಅರಬ್ಬಿ ಪಠ್ಯವೇ ಅಂತಿಮ. ಪತ್ರದ ಒಂದು ಕಲಮು ಕೇಳುವುದು ಇಷ್ಟು: ಬಿಡ್ ಹಾಕಿದವರ ಪೈಕಿ ಯಾರೊಂದಿಗಾದರೂ ನಿಮಗೆ ಮೂರನೇ ಡಿಗ್ರಿಯವರೆಗಿನ ರಕ್ತಸಂಬಂಧ ಅಥವಾ ‘ಅಫಿನಿಟಿ’ ಇದೆಯೇ? ಡಿಗ್ರಿ ಎಂದರೆ ಸಂಬಂಧ ಎಷ್ಟು ಹತ್ತಿರದ್ದು ಎಂದು ಎಣಿಸುವ ಲೆಕ್ಕ.

ಸಮಿತಿಯಲ್ಲಿದ್ದ ಎಂಜಿನಿಯರ್ ಒಬ್ಬರು ಉತ್ತರ ಕರ್ನಾಟಕದವರು. ಅವರು ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿದರು. ಟೆಂಡರ್ ಮುಗಿದ ಮೇಲೆ, ಸೋತ ಕಂಪನಿಯಿಂದ ದೂರು ಬಂತು. ಗೆದ್ದ ಸಂಸ್ಥೆಯ ಪಾಲುದಾರನೊಬ್ಬ ಇದೇ ಎಂಜಿನಿಯರರ ಹೆಂಡತಿಯ ಖಾಸಾ ಅಣ್ಣ. ದೂರು ನಿಜವಾಗಿತ್ತು. ಎಂಜಿನಿಯರರೂ ಅದನ್ನು ಅಲ್ಲಗಳೆಯಲಿಲ್ಲ. ‘ಹಾಗಾದರೆ ಘೋಷಣಾ ಪತ್ರದಲ್ಲಿ ಸುಳ್ಳು ಬರೆದಿರಿ’ ಎಂದು ಕಂಪನಿ ಹೇಳಿತು. ‘ಇಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದ್ದೇನೆ’ ಎಂದು ಅವರು ಪಟ್ಟು ಹಿಡಿದರು. ಇಂಥ ದ್ವಿಭಾಷಾ ದಾಖಲೆಗಳನ್ನು ತಾಳೆ ನೋಡುವುದು ನನ್ನ ವೃತ್ತಿ. ಆ ಕಲಮಿನ ಎರಡೂ ಪಠ್ಯಗಳನ್ನು ಓದಿ ಅಭಿಪ್ರಾಯ ಕೊಡಬೇಕೆಂದು ಕಡತ ನನ್ನ ಬಳಿ ಬಂತು.

ಅರಬ್ಬಿ ಕಾಲಂ ಓದಿದ ಕೂಡಲೇ ತೊಡಕು ಎಲ್ಲಿದೆ ಎಂದು ಗೊತ್ತಾಯಿತು. ‘ರಕ್ತಸಂಬಂಧ’ ಎಂಬಲ್ಲಿ ‘ಕರಾಬಾ’ ಎಂದಿತ್ತು, ಅದು ಸರಿ. ‘ಅಫಿನಿಟಿ’ ಎಂದರೆ ಕಾನೂನಿನ ಭಾಷೆಯಲ್ಲಿ ಮದುವೆಯಿಂದ ಬಂದ ಸಂಬಂಧ. ಅದರ ಜಾಗದಲ್ಲಿ ಮಾತ್ರ ‘ಉಲ್ಫಾ’ ಎಂದು ಅಚ್ಚಾಗಿತ್ತು. ಉಲ್ಫಾ ಎಂದರೆ ಒಡನಾಟದಿಂದ ಬರುವ ಆಪ್ತತೆ, ಸಲಿಗೆ, ಮನಸ್ಸು ಮನಸ್ಸಿಗೆ ಹೊಂದಿಕೊಳ್ಳುವುದು. ಅರಬ್ಬಿ ಬಲ್ಲ ಯಾರೇ ಓದಲಿ, ಪ್ರಶ್ನೆ ಹೀಗೆ ಕೇಳಿಸುತ್ತದೆ: ‘ಬಿಡ್ ಹಾಕಿದವರೊಂದಿಗೆ ನಿಮಗೆ ನೆತ್ತರ ಸಂಬಂಧವೋ ಸಲಿಗೆಯೋ ಇದೆಯೇ?’ ಸಲಿಗೆಗೆ ಮೂರನೇ ಡಿಗ್ರಿ ಎಂದರೇನು ಎಂದು ಭಾಷಾಂತರ ಮಾಡಿಕೊಟ್ಟ ಸಂಸ್ಥೆ ಯೋಚಿಸಿದಂತಿಲ್ಲ. ಆ ಸಂಸ್ಥೆ ಹೆಚ್ಚಾಗಿ ಔಷಧ ಮತ್ತು ರಾಸಾಯನಿಕ ಕಂಪನಿಗಳ ಕಾಗದಗಳನ್ನು ಭಾಷಾಂತರಿಸುತ್ತಿತ್ತು. ಅದರ ಕಂಪ್ಯೂಟರಿನ ಪದಕೋಶದಲ್ಲಿ ಅಫಿನಿಟಿಗೆ ಎದುರಾಗಿ ಉಲ್ಫಾ ಕೂತಿತ್ತು. ರಸಾಯನಶಾಸ್ತ್ರದಲ್ಲಿ ಅದು ಸರಿಯಾದ ಪದವೇ. ಅಲ್ಲಿಂದ ಎತ್ತಿ ಇಲ್ಲಿ ಇಟ್ಟಿದ್ದರಿಂದ ಎಡವಟ್ಟಾಯಿತು.

ಹಾಗೆಂದು ಎಂಜಿನಿಯರರು ಅರಬ್ಬಿ ಓದಿ ಮೋಸಹೋದವರಲ್ಲ. ಅವರಿಗೆ ಅರಬ್ಬಿ ಬಾರದು. ಇಂಗ್ಲಿಷ್ ಕಾಲಂ ಓದಿದಾಗ ‘ಅಫಿನಿಟಿ’ ಎಂದರೆ ಒಲವು, ಸಹಜವಾದ ಸೆಳೆತ ಎಂದೇ ಅವರಿಗೆ ತಿಳಿದದ್ದು. ನಮ್ಮಲ್ಲಿ ಇಂಗ್ಲಿಷ್ ಕಲಿತವರಲ್ಲಿ ಬಹುಪಾಲು ಜನ ಆ ಪದವನ್ನು ಹಾಗೆಯೇ ಬಲ್ಲರು. ಅನುಮಾನ ಬಂದು ಆಡಳಿತ ವಿಭಾಗದವರನ್ನು ಕೇಳಿದ್ದಾರೆ. ಅವರು ಅರಬ್ಬಿ ಕಾಲಂ ನೋಡಿ, ‘ಸ್ನೇಹ, ಹತ್ತಿರದ ಒಡನಾಟ, ಅಂಥದ್ದು’ ಎಂದಿದ್ದಾರೆ. ಇಬ್ಬರ ಓದೂ ಒಂದಕ್ಕೊಂದು ತಾಳೆಯಾಯಿತು. ಹೆಂಡತಿಯ ಅಣ್ಣನ ಜೊತೆ ಎಂಜಿನಿಯರರಿಗೆ ಮಾತುಕತೆಯೇ ಅಷ್ಟಕ್ಕಷ್ಟೆ. ಊರಿನ ಜಮೀನಿನ ವಿಚಾರದಲ್ಲಿ ಮನಸ್ತಾಪವಾಗಿ ಹಬ್ಬಕ್ಕೂ ಹೋಗಿಬರುವುದನ್ನು ಬಿಟ್ಟಿದ್ದರು. ಹೀಗಾಗಿ ‘ಇಲ್ಲ’ ಎಂದು ಗುರುತು ಹಾಕಿದರು. ತಿಳಿದ ಅರ್ಥದಲ್ಲಿ ಅದು ಪ್ರಾಮಾಣಿಕ ಉತ್ತರ.

ಎರಡು ಮನೆಗಳ ಗಡಿ

ಅಫಿನಿಟಿಯ ಬೇರು ಲ್ಯಾಟಿನಿನ ‘ಅಫಿನಿಸ್’. ‘ಫಿನಿಸ್’ ಎಂದರೆ ಗಡಿ, ಎಲ್ಲೆ. ‘ಅಫಿನಿಸ್’ ಎಂದರೆ ಎಲ್ಲೆಗೆ ಎಲ್ಲೆ ಕೂಡಿದವನು, ಪಕ್ಕದ ಹೊಲದವನು. ಅಲ್ಲಿಂದ ಮದುವೆಯಿಂದ ಹತ್ತಿರ ಬಂದವನು ಎಂಬ ಅರ್ಥ ಬಂತು. ಇಂಗ್ಲಿಷಿನಲ್ಲಿ ಈ ಪದದ ಹಳೆಯ ಅರ್ಥ ಇದೇ, ಮದುವೆಯಿಂದ ಬಂದ ಸಂಬಂಧ. ಸಹಜ ಆಕರ್ಷಣೆ, ಒಲವು ಎಂಬುದು ಆಮೇಲೆ ಸೇರಿದ್ದು. ಬಳಕೆಯಲ್ಲಿ ಒಲವು ಮುಂದೆ ಬಂದು, ಹಳೆಯ ಅರ್ಥ ಕಾನೂನಿನ ಕಾಗದಗಳಲ್ಲಿ ಉಳಿದುಕೊಂಡಿತು.

ಆ ಹಳೆಯ ಅರ್ಥಕ್ಕೆ ಯುರೋಪಿನಲ್ಲಿ ಎಷ್ಟು ತೂಕವಿತ್ತು ಎಂಬುದಕ್ಕೆ ಒಂದು ರಾಜಮನೆತನದ ಕಥೆ ಸಾಕು. ಇಂಗ್ಲೆಂಡಿನ ಎಂಟನೇ ಹೆನ್ರಿ ಮದುವೆಯಾದ ಕ್ಯಾಥರೀನ್, ತೀರಿಹೋದ ಅವನ ಅಣ್ಣ ಆರ್ಥರನ ಹೆಂಡತಿ. ಅಣ್ಣನ ಹೆಂಡತಿ ಚರ್ಚಿನ ಕಾನೂನಿನಲ್ಲಿ ಅಫಿನಿಟಿಯೊಳಗೆ ಬರುತ್ತಾಳೆ. ಅದಕ್ಕೆ ಪೋಪ್ ಎರಡನೇ ಜೂಲಿಯಸ್‌ನಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ವರ್ಷಗಳ ನಂತರ ಹೆನ್ರಿ ಅದೇ ಅಫಿನಿಟಿಯನ್ನು ಮುಂದೊಡ್ಡಿ ಮದುವೆಯೇ ಅಸಿಂಧು ಎಂದು ವಾದಿಸಿದ. 1533ರಲ್ಲಿ ಅದು ಅಸಿಂಧು ಎಂದು ಇಂಗ್ಲೆಂಡಿನಲ್ಲೇ ತೀರ್ಮಾನವಾಯಿತು, ರೋಮ್‌ನ ಜೊತೆಗಿನ ನಂಟು ಕಡಿಯಿತು. ತೀರಿಹೋದ ಹೆಂಡತಿಯ ತಂಗಿಯನ್ನು ಮದುವೆಯಾಗಲು ಅಲ್ಲಿನ ಕಾನೂನು ಒಪ್ಪಿದ್ದು 1907ರಲ್ಲಿ. ನಮ್ಮ ಹಳ್ಳಿಗಳಲ್ಲಿ ಮಕ್ಕಳ ಮುಖ ನೋಡಿ ಹಿರಿಯರೇ ನಿಂತು ಮಾಡಿಸುತ್ತಿದ್ದ ಮದುವೆ ಅದು.

ಅರಬ್ಬಿಯಲ್ಲಿ ಇದಕ್ಕೆ ಸ್ಪಷ್ಟವಾದ, ಹಳೆಯ, ಎಲ್ಲರಿಗೂ ಗೊತ್ತಿರುವ ಪದವಿದೆ: ‘ಮುಸಾಹರಾ’. ಮದುವೆಯಿಂದ ಆದ ನೆಂಟ ‘ಸಿಹ್ರ್’. ಅಳಿಯನಿಗೂ ಭಾವಮೈದುನನಿಗೂ ಆ ಪದ ಸಲ್ಲುತ್ತದೆ. ಕುರಾನಿನ 25ನೇ ಅಧ್ಯಾಯದ 54ನೇ ವಾಕ್ಯದಲ್ಲಿ, ದೇವರು ನೀರಿನಿಂದ ಮನುಷ್ಯನನ್ನು ಸೃಷ್ಟಿಸಿ ಅವನಿಗೆ ‘ನಸಬ್’ ಮತ್ತು ‘ಸಿಹ್ರ್’ ಎಂಬ ಸಂಬಂಧಗಳನ್ನು ಕೊಟ್ಟನು ಎಂದಿದೆ. ನಸಬ್ ಎಂದರೆ ಹುಟ್ಟಿನಿಂದ ಬಂದದ್ದು, ಸಿಹ್ರ್ ಎಂದರೆ ಮದುವೆಯಿಂದ ಬಂದದ್ದು. ಇಂಗ್ಲಿಷ್ ಕಾನೂನಿನ ಜೋಡಿ ಪದಗಳಿಗೆ ಇಷ್ಟು ನೇರವಾಗಿ ಕೂರುವ ಜೋಡಿ ಅರಬ್ಬಿಯಲ್ಲಿ ಇರುವಾಗ ಉಲ್ಫಾ ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ.

ಕನ್ನಡ ಲಿಪಿಯಲ್ಲಿ ಬರೆದಾಗ ಒಂದು ಎಚ್ಚರಿಕೆ ಬೇಕು. ಮಾಟ, ಮೋಡಿ ಎಂಬ ಅರ್ಥದ ಅರಬ್ಬಿ ಪದವನ್ನೂ ನಾವು ‘ಸಿಹ್ರ್’ ಎಂದೇ ಬರೆಯುತ್ತೇವೆ. ಅರಬ್ಬಿಯಲ್ಲಿ ಅವುಗಳ ಸಕಾರವೂ ಬೇರೆ, ಹಕಾರವೂ ಬೇರೆ. ನೆಂಟನ ಸಿಹ್ರ್ ‘ಸಾದ್’ ಅಕ್ಷರದಿಂದ ಶುರುವಾಗುತ್ತದೆ, ನಾಲಿಗೆ ಹಿಂದಕ್ಕೆ ಎಳೆದು ದಪ್ಪಗೆ ನುಡಿಯಬೇಕು. ಅದೇ ಮೂರು ಅಕ್ಷರಗಳ ಬೇರಿಗೆ ಲೋಹ ಕರಗಿಸುವುದು ಎಂಬ ಅರ್ಥವೂ ಇದೆ. ಎರಡು ಲೋಹ ಕರಗಿ ಒಂದಾಗುವುದನ್ನು ಹೇಳುವ ಅಕ್ಷರಗಳಲ್ಲೇ ಎರಡು ಮನೆತನ ಕೂಡುವುದನ್ನೂ ಹೇಳುತ್ತಾರೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಒಲವಿನ ಕಡೆಯ ಪದಗಳು

ಉಲ್ಫಾ ಎಂಬ ಪದದ ಮೇಲೆ ನನಗೇನೂ ಕೋಪವಿಲ್ಲ. ಅದರ ಬೇರಿನಿಂದಲೇ ಗ್ರಂಥರಚನೆಗೆ ‘ತಅಲೀಫ್’, ಲೇಖಕನಿಗೆ ‘ಮುಅಲ್ಲಿಫ್’ ಎಂಬ ಪದಗಳು ಬಂದಿವೆ. ಚದುರಿದ್ದನ್ನು ಕೂಡಿಸುವವನು ಎಂಬ ಭಾವ. ಕುರಾನಿನ 8ನೇ ಅಧ್ಯಾಯದಲ್ಲಿ ದೇವರು ಜನರ ಹೃದಯಗಳನ್ನು ಬೆಸೆದನು ಎನ್ನುವಾಗ ಬಳಕೆಯಾದ ಕ್ರಿಯಾಪದವೂ ಇದೇ ಬೇರಿನದು. ಉರ್ದು, ದಖನಿ ಕಿವಿಗೆ ಬಿದ್ದವರಿಗೆ ‘ಉಲ್ಫತ್’ ಅಪರಿಚಿತವಲ್ಲ.

ಅಫಿನಿಟಿ ಒಲವಿನ ಅರ್ಥದಲ್ಲಿ ಬಂದಾಗ ಅರಬ್ಬಿಯಲ್ಲಿ ಸಂದರ್ಭ ನೋಡಿ ಆರಿಸಿಕೊಳ್ಳಬೇಕು. ಒಂದು ಕಡೆಗೆ ವಾಲುವ ಮನಸ್ಸಿಗೆ ‘ಮೈಲ್’. ಒಂದರ ಕಡೆಗೆ ಇನ್ನೊಂದು ಸೆಳೆಯಲ್ಪಡುವುದಕ್ಕೆ ‘ಇಂಜಿಝಾಬ್’. ಅದೇ ಬೇರಿನ ‘ಜಾಝಿಬಿಯ್ಯಾ’ ಮನುಷ್ಯರ ಚೆಲುವಿಗೂ ಆಗುತ್ತದೆ, ಭೂಮಿಯ ಗುರುತ್ವಕ್ಕೂ ಆಗುತ್ತದೆ. ಭಾಷೆಗಳ ನಡುವಿನ, ಜೀವಜಾತಿಗಳ ನಡುವಿನ ಹತ್ತಿರದ ಹೋಲಿಕೆಗೆ ‘ತಕಾರುಬ್’ ಹೊಂದುತ್ತದೆ. ಎಲೆಕ್ಟ್ರಾನ್ ಅಫಿನಿಟಿಗೆ ಎರಡು ರೂಪಗಳು ಬಳಕೆಯಲ್ಲಿವೆ: ಕೆಲವು ದೇಶಗಳ ಪಠ್ಯಗಳಲ್ಲಿ ‘ಉಲ್ಫಾ ಇಲೆಕ್ಟ್ರೋನಿಯ್ಯಾ’, ಈಜಿಪ್ಟಿನ ಪಠ್ಯಗಳಲ್ಲಿ ‘ಮೈಲ್ ಇಲೆಕ್ಟ್ರೋನಿ’. ಒಂದು ಪರಮಾಣು ಇನ್ನೊಂದು ಎಲೆಕ್ಟ್ರಾನನ್ನು ಎಳೆದುಕೊಂಡಾಗ ಬಿಡುಗಡೆಯಾಗುವ ಶಕ್ತಿಯ ಲೆಕ್ಕ ಅದು. ಕ್ಲೋರಿನ್ನಿಗೆ ಮೋಲ್ ಒಂದಕ್ಕೆ ಸುಮಾರು 349 ಕಿಲೋಜೂಲ್. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುತ್ತದೆ ಎನ್ನುವಾಗಲೂ ಉಲ್ಫಾ ಸರಿ. ಅಲ್ಲಿ ಮನುಷ್ಯರಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲ, ಸೆಳೆತ ಮಾತ್ರ ಇದೆ.

ಮನುಷ್ಯರ ಸಹಜ ಸೆಳೆತದ ಬಗ್ಗೆ ಅರಬ್ಬಿಯಲ್ಲಿ ಆಳವಾಗಿ ಯೋಚಿಸಿದವರಲ್ಲಿ ಸ್ಪೇನಿನ ಕೊರ್ಡೋಬಾದ ಇಬ್ನ್ ಹಜ್ಮ್ ಒಬ್ಬ. 994ರಲ್ಲಿ ಹುಟ್ಟಿ 1064ರಲ್ಲಿ ತೀರಿಕೊಂಡ. ಪ್ರೀತಿಯೆಂದರೆ ಚದುರಿಹೋದ ಆತ್ಮದ ಭಾಗಗಳು ಮತ್ತೆ ಕೂಡುವುದು ಎಂದು ಅವನು ಬರೆದ, ಕಬ್ಬಿಣ ಮತ್ತು ಅಯಸ್ಕಾಂತದ ಉದಾಹರಣೆ ಕೊಟ್ಟ. ಓದಲು ಸೊಗಸು. ಆದರೆ ಟೆಂಡರ್ ಸಮಿತಿಗೆ ಬೇಕಾಗಿದ್ದು ಯಾರು ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಂಬ ವಿವರ.

ಡಿಗ್ರಿ ಎಣಿಸುವುದು

ಕಂಪನಿಯ ವಕೀಲರು ಕೇಳಿದ ಎರಡನೇ ಪ್ರಶ್ನೆ ಇನ್ನೂ ಕ್ಲಿಷ್ಟವಾಗಿತ್ತು. ಎಂಜಿನಿಯರರ ಹೆಂಡತಿ ಅವರ ಸ್ವಂತ ಸೋದರಮಾವನ ಮಗಳು. ಎಂದರೆ ಆ ಪಾಲುದಾರ ಇವರಿಗೆ ಹುಟ್ಟಿನಿಂದಲೇ ಮಾವನ ಮಗ. ಮದುವೆಯಿಂದ ಹೆಂಡತಿಯ ಅಣ್ಣ. ಹಾಗಿದ್ದರೆ ಇದು ರಕ್ತಸಂಬಂಧವೋ, ಮದುವೆಯ ಸಂಬಂಧವೋ? ಮೂರನೇ ಡಿಗ್ರಿಯೊಳಗೆ ಬರುತ್ತದೆಯೋ ಇಲ್ಲವೋ?

ಅರಬ್ ದೇಶಗಳ ಕಾನೂನಿನಲ್ಲಿ ಡಿಗ್ರಿ ಎಣಿಸುವ ಮಾದರಿಗೆ ನಾನು ಈಜಿಪ್ಟಿನ ನಾಗರಿಕ ಸಂಹಿತೆಯನ್ನು ಮುಂದಿಟ್ಟುಕೊಂಡೆ. ಅಬ್ದುಲ್ ರಜ್ಜಾಕ್ ಅಲ್ ಸನ್ಹೂರಿಯವರ ಮುಂದಾಳ್ತನದಲ್ಲಿ ರೂಪುಗೊಂಡು 1948ರಲ್ಲಿ ಬಂದ ಈ ಸಂಹಿತೆಯ ಪ್ರಭಾವ ಸಿರಿಯಾ, ಇರಾಕ್, ಲಿಬಿಯಾಗಳ ಕಾನೂನುಗಳ ಮೇಲೆ ಎದ್ದು ಕಾಣುತ್ತದೆ. ಅದರ 36ನೇ ವಿಧಿಯ ಪ್ರಕಾರ, ಅಡ್ಡ ಸಂಬಂಧದಲ್ಲಿ, ಎಂದರೆ ಒಬ್ಬರಿಂದ ಒಬ್ಬರು ನೇರವಾಗಿ ಹುಟ್ಟಿರದ ಬಂಧುಗಳ ನಡುವೆ, ಇಬ್ಬರಿಗೂ ಸಮಾನನಾದ ಹಿರಿಯನವರೆಗೆ ಮೇಲೆ ಹತ್ತಿ, ಅಲ್ಲಿಂದ ಇನ್ನೊಬ್ಬನವರೆಗೆ ಕೆಳಗಿಳಿಯಬೇಕು. ಒಬ್ಬೊಬ್ಬರಿಗೂ ಒಂದೊಂದು ಡಿಗ್ರಿ. ಸಮಾನ ಹಿರಿಯನನ್ನು ಎಣಿಸಬಾರದು. ಎಂಜಿನಿಯರರು ಒಂದು, ಅವರ ತಾಯಿ ಎರಡು, ಅಜ್ಜನನ್ನು ಬಿಡಬೇಕು, ಸೋದರಮಾವ ಮೂರು, ಮಾವನ ಮಗ ನಾಲ್ಕು. ರಕ್ತಸಂಬಂಧದ ಲೆಕ್ಕದಲ್ಲಿ ಅವನು ನಾಲ್ಕನೇ ಡಿಗ್ರಿ. ನಮೂನೆ ಕೇಳಿದ್ದು ಮೂರರವರೆಗೆ. ಹೊರಗುಳಿದ.

ಈಗ 37ನೇ ವಿಧಿ. ಗಂಡ ಹೆಂಡಿರಲ್ಲಿ ಒಬ್ಬರ ಬಂಧುಗಳು ಇನ್ನೊಬ್ಬರಿಗೂ ಅದೇ ಡಿಗ್ರಿಯ ಬಂಧುಗಳು. ಹೆಂಡತಿಗೆ ಅಣ್ಣ ಎರಡನೇ ಡಿಗ್ರಿ: ಅವಳು ಒಂದು, ಅವನು ಎರಡು, ನಡುವಿನ ತಂದೆಯನ್ನು ಎಣಿಸುವುದಿಲ್ಲ. ಹಾಗಾಗಿ ಗಂಡನಿಗೂ ಅವನು ಎರಡನೇ ಡಿಗ್ರಿ, ಮುಸಾಹರಾದ ದಾರಿಯಲ್ಲಿ. ಅದೇ ಮನುಷ್ಯ ಒಂದು ದಾರಿಯಲ್ಲಿ ಹೊರಗೆ, ಇನ್ನೊಂದು ದಾರಿಯಲ್ಲಿ ಒಳಗೆ. ಅವನನ್ನು ಒಳಕ್ಕೆ ತರುವ ಏಕೈಕ ಪದ ಅಫಿನಿಟಿ. ಆ ಪದವೇ ಅರಬ್ಬಿಯಲ್ಲಿ ಸಲಿಗೆಯಾಗಿ ಬದಲಾಗಿದ್ದರಿಂದ ಇಡೀ ಕಲಮು ಅವನ ಮಟ್ಟಿಗೆ ಖಾಲಿಯಾಗಿತ್ತು. ವರದಿಯಲ್ಲಿ ನಾನು ಒತ್ತಿ ಬರೆದದ್ದು ಇದನ್ನೇ.

ವಕೀಲರು ಈಜಿಪ್ಟಿನವರು. ಅವರಿಗೆ ಲೆಕ್ಕ ಅರ್ಥವಾಯಿತು, ಮನುಷ್ಯ ಅರ್ಥವಾಗಲಿಲ್ಲ. ‘ಹೆಂಡತಿಯ ಅಣ್ಣ ತನಗೆ ಮದುವೆಯಿಂದ ಬಂದ ನೆಂಟ ಎಂದು ಒಬ್ಬರಿಗೆ ಹೊಳೆಯದೆ ಇರುವುದು ಹೇಗೆ?’ ಎಂದರು. ಇದಕ್ಕೆ ಕನ್ನಡದ ಮನೆಗಳೊಳಗೆ ಹೋಗಬೇಕಾಯಿತು.

ಕನ್ನಡದಲ್ಲಿ ತಾಯಿಯ ಅಣ್ಣತಮ್ಮಂದಿರೂ ಮಾವ, ಹೆಂಡತಿಯ ತಂದೆಯೂ ಮಾವ. ತಂದೆಯ ಅಕ್ಕತಂಗಿಯರೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಮಾವನ ಮಗ ಹುಟ್ಟಿದಾಗಿನಿಂದಲೇ ಭಾವ ಅಥವಾ ಮೈದುನ. ಆ ಮನೆಯ ಹೆಣ್ಣನ್ನು ತರಲಿ, ಬಿಡಲಿ. ಮದುವೆಯ ಸಂಬಂಧ ನಮ್ಮ ಪದಗಳಲ್ಲಿ ಮದುವೆಗೆ ಮುಂಚೆಯೇ ಇರುತ್ತದೆ. ದಕ್ಷಿಣ ಭಾರತದ ಬಂಧುತ್ವವನ್ನು ಅಧ್ಯಯನ ಮಾಡಿದ ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದ್ಯೂಮೊ 1950ರ ದಶಕದಿಂದ ವಾದಿಸಿದ್ದು ಇದನ್ನೇ: ಇಲ್ಲಿ ಮದುವೆಯ ನಂಟು ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದುಬರುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯೂ ಹತ್ತಿರದ ರಕ್ತಸಂಬಂಧದ ಮದುವೆಗಳನ್ನು ನಿಷೇಧಿಸಿ, ರೂಢಿ ಒಪ್ಪಿದ ಕಡೆ ಮಾತ್ರ ವಿನಾಯಿತಿ ಕೊಟ್ಟಿದೆ. ಎಂಜಿನಿಯರರ ಮನಸ್ಸಿನಲ್ಲಿ ಅವನು ಮೊದಲಿಗೆ ಮಾವನ ಮಗ. ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿದವನು. ಮದುವೆಯಾದ ದಿನ ಅವನಿಗೆ ಹೊಸ ಹೆಸರೇನೂ ಬರಲಿಲ್ಲ. ‘ಕಸಿನ್’ ಎಂದು ಎಣಿಸಿದರು, ನಾಲ್ಕನೇ ಡಿಗ್ರಿ ಎಂದು ಯಾರೋ ಹೇಳಿದರು, ಮುಗಿಯಿತು.

ವಕೀಲರಿಗೆ ಇದು ಕನ್ನಡಿಯಲ್ಲಿ ನೋಡಿದಂತಾಯಿತು, ಏಕೆಂದರೆ ಅರಬ್ಬಿಯಲ್ಲಿ ಎಡಬಲ ಅದಲುಬದಲು. ಅಲ್ಲಿ ತಂದೆಯ ಅಣ್ಣತಮ್ಮಂದಿರು ‘ಅಮ್’, ತಾಯಿಯ ಅಣ್ಣತಮ್ಮಂದಿರು ‘ಖಾಲ್’. ಹಳೆಯ ರೂಢಿಯಲ್ಲಿ ಮೆಚ್ಚಿನ ಸಂಬಂಧವೆಂದರೆ ಅಮ್‌ನ ಮಗಳು, ‘ಬಿಂತ್ ಅಮ್’. ನಮಗೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಗಳು ಒಡಹುಟ್ಟಿದ ತಂಗಿಯ ಸಮಾನ, ಮದುವೆಯ ಮಾತೇ ಇಲ್ಲ. ಆದರೂ ಕೂಡಿಸಿಕೊಳ್ಳುವ ಬಗೆ ಒಂದೇ: ಹೆಂಡತಿಯ ತಂದೆಯನ್ನು ಅಲ್ಲಿ, ರಕ್ತಸಂಬಂಧವಿಲ್ಲದವನಾದರೂ, ‘ಅಮ್ಮಿ’ ಎಂದು ಕರೆಯುತ್ತಾರೆ, ಚಿಕ್ಕಪ್ಪನೆಂಬಂತೆ. ಹೊರಗಿನಿಂದ ತಂದ ಹೆಂಡತಿಯನ್ನೂ ಗೌರವಕ್ಕೆ ‘ಬಿಂತ್ ಅಮ್ಮಿ’ ಎನ್ನುವ ವಾಡಿಕೆ ಇದೆ. ಅವರದು ತಂದೆಯ ಕಡೆಯಿಂದ, ನಮ್ಮದು ತಾಯಿಯ ಕಡೆಯಿಂದ.

ಇಂಗ್ಲಿಷಿಗೆ ಇಲ್ಲದ, ನಮ್ಮಿಬ್ಬರಿಗೂ ಇರುವ ಪದಗಳು ಆ ಮಾತುಕತೆಯಲ್ಲೇ ಸಾಲಾಗಿ ಬಂದವು. ಹೆಂಡತಿಯ ಅಕ್ಕತಂಗಿಯ ಗಂಡ ನಮಗೆ ಷಡ್ಡಕ, ಅರಬ್ಬಿಯಲ್ಲಿ ‘ಅದೀಲ್’. ಗಂಡನ ಅಣ್ಣತಮ್ಮಂದಿರ ಹೆಂಡತಿ ನಮಗೆ ಓರಗಿತ್ತಿ. ಈಜಿಪ್ಟ್, ಸಿರಿಯಾ ಕಡೆಯ ಆಡುಮಾತಿನಲ್ಲಿ ‘ಸಿಲ್ಫಾ’. ಅಂದಹಾಗೆ, ನಮ್ಮ ಸರ್ಕಾರಿ ‘ಇಲಾಖೆ’ಯ ಮೂಲವೂ ಅರಬ್ಬಿ ‘ಅಲಾಕಾ’. ಅದರ ಅರ್ಥ ಸಂಬಂಧ, ತಗುಲಿಕೊಂಡಿರುವುದು.

ಬೀಗರು ಎಲ್ಲಿ ಬರುತ್ತಾರೆ?

ಕನ್ನಡದಲ್ಲಿ ಈ ಕಲಮನ್ನು ಹೇಳಬೇಕಾದರೆ ‘ಬೀಗತನ’ ಎನ್ನಬಹುದಲ್ಲ ಎಂದು ಎಂಜಿನಿಯರರೇ ವಿಚಾರಣೆಯಲ್ಲಿ ಕೇಳಿದರು. ಕೇಳಲು ಸರಿಯೆನಿಸುತ್ತದೆ. ಆದರೆ ಕಾನೂನಿನ ಅಫಿನಿಟಿಯಲ್ಲಿ ಬೀಗರಿಗೆ ಜಾಗವೇ ಇಲ್ಲ. 37ನೇ ವಿಧಿ ಹೇಳುವುದು ಒಬ್ಬ ಸಂಗಾತಿಯ ಬಂಧುಗಳಿಗೂ ಇನ್ನೊಬ್ಬ ಸಂಗಾತಿಗೂ ನಡುವಿನ ನಂಟು. ಹುಡುಗಿಯ ತಂದೆಗೂ ಹುಡುಗನ ತಂದೆಗೂ ಅದು ಯಾವ ಡಿಗ್ರಿಯನ್ನೂ ಕೊಡುವುದಿಲ್ಲ. ಷಡ್ಡಕನೂ ಹೊರಗೆ: ಅವನು ಹೆಂಡತಿಯ ರಕ್ತಸಂಬಂಧಿಯಲ್ಲ, ರಕ್ತಸಂಬಂಧಿಯ ಗಂಡ. ಯುರೋಪಿನ ಚರ್ಚ್ ಕಾನೂನಿನಲ್ಲೂ ಇದೇ ನಿಯಮ. ಅಫಿನಿಟಿಯಿಂದ ಮತ್ತೊಂದು ಅಫಿನಿಟಿ ಹುಟ್ಟುವುದಿಲ್ಲ ಎಂಬ ಲ್ಯಾಟಿನ್ ಸೂತ್ರವೇ ಇದೆ. ನಮ್ಮ ಊರುಗಳಲ್ಲಿ ವ್ಯವಹಾರ ಕುದುರಿಸುವುದು, ಸಾಲಕ್ಕೆ ಜಾಮೀನು ನಿಲ್ಲುವುದು ಬೀಗರು ಮತ್ತು ಷಡ್ಡಕರೇ. ಹಿತಾಸಕ್ತಿ ಸಂಘರ್ಷವನ್ನು ತಡೆಯಲು ಬರೆದ ನಮೂನೆ ಇವರನ್ನು ಬಿಟ್ಟರೆ ನಮ್ಮವರ ಮಟ್ಟಿಗೆ ಅದು ಅರ್ಧ ಬಾಗಿಲು ತೆರೆದಿಟ್ಟಂತೆಯೇ. ಇದನ್ನೂ ವರದಿಯಲ್ಲಿ ಸೇರಿಸಿದೆ, ಕೇಳದಿದ್ದರೂ.

ಕೊನೆಗೆ ಆದದ್ದು

ಎಂಜಿನಿಯರರು ಬೇಕೆಂದೇ ಮರೆಮಾಚಿದರು ಎಂಬ ಆರೋಪವನ್ನು ಕಂಪನಿ ಕೈಬಿಟ್ಟಿತು. ಅಂತಿಮ ಎನಿಸಿಕೊಂಡ ಅರಬ್ಬಿ ಪಠ್ಯವೇ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಆದರೂ ಸಂಬಂಧ ಇದ್ದದ್ದು ನಿಜವಾದ್ದರಿಂದ ಅವರನ್ನು ಹೊರಗಿಟ್ಟು ಬೇರೆ ಸಮಿತಿಯಿಂದ ಬಿಡ್‌ಗಳ ಮರುಪರಿಶೀಲನೆ ನಡೆಯಿತು. ನನ್ನ ಮಟ್ಟಿಗೆ ಇದು ನ್ಯಾಯವಾದ ತೀರ್ಮಾನ. ದೂರು ಕೊಟ್ಟವರ ಅಳಲೂ ಸುಳ್ಳಾಗಿರಲಿಲ್ಲ.

ನಮೂನೆಯ ಅರಬ್ಬಿ ಕಲಮು ಈಗ ‘ಕರಾಬಾ’ ಮತ್ತು ‘ಮುಸಾಹರಾ’ ಎಂದಿದೆ. ಈಜಿಪ್ಟಿನ 1968ರ ಸಿವಿಲ್ ಪ್ರಕ್ರಿಯಾ ಕಾನೂನು, ಕಕ್ಷಿದಾರರ ‘ಕರೀಬ್’ (ರಕ್ತಸಂಬಂಧಿ) ಅಥವಾ ‘ಸಿಹ್ರ್’ ಆದ ನ್ಯಾಯಾಧೀಶ ನಾಲ್ಕನೇ ಡಿಗ್ರಿಯವರೆಗೆ ಆ ಮೊಕದ್ದಮೆ ಕೇಳಬಾರದು ಎನ್ನುತ್ತದೆ. ಅಲ್ಲಿನ ನುಡಿಗಟ್ಟನ್ನೇ ಆಧಾರವಾಗಿ ಇಟ್ಟುಕೊಂಡೆವು. ಇಂಗ್ಲಿಷ್ ಕಾಲಂನಿಂದ ಅಫಿನಿಟಿ ಎಂಬ ಪದವನ್ನೇ ತೆಗೆಯಿಸಿದೆ. ಅದರ ಜಾಗದಲ್ಲಿ ‘ಮದುವೆಯಿಂದ ಬಂದ ಸಂಬಂಧ’ ಎಂಬ ಸರಳ ಮಾತು, ಅದರ ಕೆಳಗೆ ಸಂಬಂಧಗಳ ಪಟ್ಟಿ: ಸಂಗಾತಿಯ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಅವರ ಮಕ್ಕಳು. ಒಬ್ಬರೇ ಎರಡು ಬಗೆಯಲ್ಲಿ ಸಂಬಂಧಿಯಾಗಿದ್ದರೆ ಹತ್ತಿರದ ಡಿಗ್ರಿಯನ್ನು ಬರೆಯಬೇಕು ಎಂಬ ಸೂಚನೆ ಹೊಸದು.

ಹೊಸ ಕರಡನ್ನು ಓದುವಾಗ ವಕೀಲರು ಮೂರನೆಯದೊಂದನ್ನು ಎತ್ತಿದರು. ಇಸ್ಲಾಮೀ ಕಾನೂನಿನಲ್ಲಿ ಹುಟ್ಟು ಮತ್ತು ಮದುವೆಯ ಜೊತೆಗೆ ‘ರಿದಾ’ ಎಂಬ ಸಂಬಂಧವಿದೆ; ಒಬ್ಬಳೇ ತಾಯಿಯ ಎದೆಹಾಲು ಕುಡಿದು ಬೆಳೆದ ಮಕ್ಕಳು ಅಣ್ಣತಂಗಿಯರಾಗುತ್ತಾರೆ, ಅವರ ನಡುವೆ ಮದುವೆ ಸಲ್ಲದು. ಇಂಗ್ಲಿಷ್ ಮೂಲದಲ್ಲಿ ಅದಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಭಾಷಾಂತರದಲ್ಲಿ ಸೇರಿಸಲು ಬರುವುದಿಲ್ಲವೆಂದು ನಾನು ಹೇಳಿದೆ, ಎರಡೂ ಪಠ್ಯಗಳಲ್ಲಿ ಹೊಸದಾಗಿ ಬರೆಯುವುದಾದರೆ ಬರೆಯಬಹುದು. ಕಾನೂನು ವಿಭಾಗ ಒಪ್ಪಿತು. ಪಟ್ಟಿಯ ಕೊನೆಯಲ್ಲಿ ‘ಇತರ ಹತ್ತಿರದ ಸಂಬಂಧಗಳು’ ಎಂಬ ಸಾಲು ಬಂತು, ಎರಡೂ ಭಾಷೆಗಳಲ್ಲಿ. ಹಾಲಿನ ಸಂಬಂಧ, ಷಡ್ಡಕ, ಬೀಗರು ಮೂವರೂ ಆ ಸಾಲಿನೊಳಗಿದ್ದಾರೆ.